ಮ್ಯಾನೇಜರ್ ತನಗೆ ತಾನೇ ಅಂಕ ಹಾಕಿಕೊಳ್ಳುವುದು ಹೇಗೆ? ಸೆಲ್ಫ್ ಅಪ್ರೈಸಲ್ ಫಾರ್ಮ್ ಮುಂದಿಟ್ಟುಕೊಂಡು ಕೂತಿದ್ದೇನೆ

ಶಿಫ್ಟ್_ಬಿ_ಪೀಣ್ಯ

ಪೀಣ್ಯದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೇನೆ. ಮಷೀನ್ ಶಾಪ್ ಪೂರ್ತಿ ನನ್ನ ಕೈಕೆಳಗೆ. ಎರಡು ಶಿಫ್ಟ್, ಅರವತ್ತರ ಹತ್ತಿರ ಜನ. ಸೂಪರ್‌ವೈಸರ್ ಆಗಿದ್ದವನು ಈಚೆಗೆ ಮೇಲೆ ಬಂದೆ, ಹಾಗಾಗಿ ಮ್ಯಾನೇಜರ್ ಆಗಿ ಪೂರ್ತಿ ವರ್ಷದ ಅಪ್ರೈಸಲ್ ಇದೇ ಮೊದಲು.

ಫಾರ್ಮಿನಲ್ಲಿ ಎರಡು ಭಾಗ ಇದೆ. ಮೊದಲನೆಯದು ಟಾರ್ಗೆಟ್: ಔಟ್‌ಪುಟ್, ರಿಜೆಕ್ಷನ್ (ತಪಾಸಣೆಯಲ್ಲಿ ಪಾಸಾಗದ ಪೀಸ್), ಓಇಇ (ಮಷೀನನ್ನು ಎಷ್ಟು ಚೆನ್ನಾಗಿ ಬಳಸಿದೆವು ಅನ್ನುವ ಲೆಕ್ಕ), ಸಮಯಕ್ಕೆ ಸರಿಯಾಗಿ ಡಿಸ್ಪ್ಯಾಚ್. ಸಿಸ್ಟಂನಿಂದ ತೆಗೆದು ತುಂಬಿಸಿದರೆ ಮುಗಿಯಿತು. ಎರಡನೆಯದರಲ್ಲಿ ಎಂಟು ಕಾಂಪಿಟೆನ್ಸಿ ಕೊಟ್ಟಿದ್ದಾರೆ. ಒಂದೊಂದಕ್ಕೂ 1ರಿಂದ 5ರ ತನಕ ನಾವೇ ಅಂಕ ಹಾಕಿಕೊಂಡು ಪಕ್ಕದಲ್ಲಿ ಕಾರಣ ಬರೆಯಬೇಕು. ನಾಯಕತ್ವ, ಜನರನ್ನು ಬೆಳೆಸುವುದು, ನಿರ್ಧಾರ ತೆಗೆದುಕೊಳ್ಳುವುದು, ಸೇಫ್ಟಿ, ಕಮ್ಯುನಿಕೇಶನ್, ಇನ್ನೂ ಏನೇನೋ. ಸ್ಟ್ರಾಟೆಜಿಕ್ ಥಿಂಕಿಂಗ್ ಅಂತಲೂ ಒಂದಿದೆ. ಬೆಳಗ್ಗೆ ಬೆಳಗ್ಗೆಯೇ ಕೂಲಂಟ್ ಬಂದಿಲ್ಲ ಅಂತ ಸ್ಟೋರ್ಸ್‌ಗೆ ಓಡುವವನಿಗೆ ಅದು ಎಲ್ಲಿಂದ ಬರಬೇಕೋ ಗೊತ್ತಿಲ್ಲ.

ನನಗೆ ಟಾರ್ಗೆಟ್ ಭಾಗದಲ್ಲೂ ಅನುಮಾನ ಶುರುವಾಗಿದೆ. ಈ ವರ್ಷ ರಿಜೆಕ್ಷನ್ ಚೆನ್ನಾಗಿಯೇ ಇಳಿದಿದೆ. ಆದರೆ ವರ್ಷದ ಮಧ್ಯದಲ್ಲಿ ಕಂಪ್ಯೂಟರ್ ನಡೆಸುವ ಹೊಸ ಸಿಎನ್‌ಸಿ ಮಷೀನುಗಳು ಬಂದವು. ಇಳಿದಿದ್ದು ಮಷೀನಿನಿಂದಲೋ ನನ್ನಿಂದಲೋ? ಇನ್ನೊಂದು ಕಡೆ ಒಳ್ಳೆಯ ಸೆಟ್ಟರ್ (ಪ್ರತಿ ಪಾರ್ಟಿಗೂ ಮಷೀನ್ ಹೊಂದಿಸಿ ಕೊಡುವವನು) ಒಬ್ಬ ಕೆಲಸ ಬಿಟ್ಟು ಹೋದ. ಸಂಬಳ ಜಾಸ್ತಿ ಸಿಕ್ಕಿತು, ಹೋದ ಅಂತ ಎಲ್ಲರೂ ಹೇಳುತ್ತಾರೆ. ಅದು ನನ್ನ ಲೆಕ್ಕಕ್ಕೆ ಬರುತ್ತದಾ, ಇಲ್ಲವಾ?

ಪ್ಲಾಂಟ್ ಹೆಡ್ ಅವರನ್ನು ಕೇಳಿದರೆ “ಎಲ್ಲಕ್ಕೂ 4 ಹಾಕಿ ಕಳಿಸಿ, ಮುಂದಿನದು ನಾನು ನೋಡಿಕೊಳ್ಳುತ್ತೇನೆ” ಅಂದರು. ಹಾಗೆ ಕಳಿಸಲು ಮನಸ್ಸಾಗುತ್ತಿಲ್ಲ. ಇಂಕ್ರಿಮೆಂಟ್ ಆಸೆ ಇಲ್ಲ ಅಂತಲ್ಲ, ಇದೆ. ಆದರೆ ನಾನು ಈ ಕೆಲಸಕ್ಕೆ ನಿಜವಾಗಿ ಲಾಯಕ್ಕಾ ಅನ್ನುವುದು ನನಗಾದರೂ ಗೊತ್ತಿರಬೇಕಲ್ವಾ? ಅನುಭವ ಇದ್ದವರು ಹೇಳಿ.

ನಾಲ್ಕೇ_ಸಾಕು

ನಿಮ್ಮ ಪ್ಲಾಂಟ್ ಹೆಡ್ ಹೇಳಿದ್ದೇ ಸರಿ ಸಾರ್. ಬಜೆಟ್ ಮೊದಲೇ ಬಂದಿರುತ್ತದೆ, ಯಾರಿಗೆ ಎಷ್ಟು ಅಂತ ತೀರ್ಮಾನವೂ ಆಗಿರುತ್ತದೆ, ಆಮೇಲೆ ನಮ್ಮ ಕೈಗೆ ಫಾರ್ಮ್ ಕೊಡುತ್ತಾರೆ. ನೀವು ಪ್ರಾಮಾಣಿಕವಾಗಿ 2 ಹಾಕಿಕೊಂಡರೆ “ಅವರೇ ಒಪ್ಪಿಕೊಂಡಿದ್ದಾರಲ್ಲ” ಅಂತ ಅದನ್ನೇ ಹಿಡಿದುಕೊಳ್ಳುತ್ತಾರೆ. 5 ಹಾಕಿದರೆ ಜಂಭ, 3 ಹಾಕಿದರೆ ಸಾಧಾರಣ. ಎಲ್ಲಕ್ಕೂ 4 ಹಾಕಿ, ಎರಡು ಕಡೆ ಮಾತ್ರ 3 ಮಾಡಿ, ಮನೆಗೆ ಹೋಗಿ ಊಟ ಮಾಡಿ ಮಲಗಿ.

ಎಚ್‌ಆರ್_ಕಡೆಯವಳು

ಮೇಲಿನವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಬಜೆಟ್ ಮೊದಲೇ ಬಂದಿರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಯಾರಿಗೆ ಎಷ್ಟು ಅನ್ನುವುದು ಎಲ್ಲ ಕಡೆ ಮೊದಲೇ ತೀರ್ಮಾನ ಆಗಿರುವುದಿಲ್ಲ. ಫಾರ್ಮ್ ಕಳಿಸಿದ ಮೇಲೆ ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಆಗ ಹೇಗೆ ಬರೆಯಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ.

ಎಲ್ಲ ವಿಭಾಗದ ಮುಖ್ಯಸ್ಥರೂ ಒಂದು ರೂಮಿನಲ್ಲಿ ಕೂರುತ್ತಾರೆ. ಕ್ಯಾಲಿಬ್ರೇಶನ್ ಮೀಟಿಂಗ್ ಅನ್ನುತ್ತೇವೆ. ಗೋಡೆ ಮೇಲೆ ಎಲ್ಲ ಮ್ಯಾನೇಜರ್‌ಗಳ ಹೆಸರು, ರೇಟಿಂಗ್. ಒಬ್ಬೊಬ್ಬರ ಹೆಸರು ಬಂದಾಗ ಅವರ ಬಾಸ್ ಕೆಲವೇ ನಿಮಿಷ ಮಾತಾಡಬೇಕು. ಕ್ವಾಲಿಟಿ ಹೆಡ್ಡೋ ಫೈನಾನ್ಸ್ ಹೆಡ್ಡೋ “ಯಾಕೆ 4? ಏನು ಮಾಡಿದ್ದಾರೆ?” ಅಂತ ಕೇಳುತ್ತಾರೆ. ಆಗ ನಿಮ್ಮ ಬಾಸ್ ನಿಮ್ಮ ಫಾರ್ಮ್ ತೆರೆಯುತ್ತಾರೆ. ಅಲ್ಲಿ “ತಂಡದ ಬೆಳವಣಿಗೆಗೆ ಸದಾ ಶ್ರಮಿಸುತ್ತೇನೆ” ಅಂತ ಇದ್ದರೆ ಅವರು ಏನು ಓದಬೇಕು? ಅದೇ ಜಾಗದಲ್ಲಿ “ವರ್ಷದ ಶುರುವಿನಲ್ಲಿ ಟರ್ನಿಂಗ್ ಸೆಂಟರ್ ಸೆಟ್ಟಿಂಗ್ ಒಬ್ಬನಿಗೆ ಮಾತ್ರ ಬರುತ್ತಿತ್ತು, ಈಗ ಎರಡೂ ಶಿಫ್ಟಿನಲ್ಲಿ ಮಾಡುವವರಿದ್ದಾರೆ, ಅವನು ಬಿಟ್ಟು ಹೋದ ವಾರವೂ ಲೈನ್ ನಿಲ್ಲಲಿಲ್ಲ” ಅಂತ ಇದ್ದರೆ ಅವರು ಅದನ್ನೇ ಜೋರಾಗಿ ಓದುತ್ತಾರೆ. ಮಾತು ಮುಗಿಯಿತು. ನೀವು ಬರೆಯುತ್ತಿರುವುದು ನಿಮ್ಮ ಬಾಸ್ ಆ ರೂಮಿನಲ್ಲಿ ಹೇಳಬೇಕಾದ ಮಾತು ಅಂದುಕೊಂಡು ಬರೆಯಿರಿ.

ಸೆಟ್ಟರ್ ಹೋದ ವಿಷಯ. ಸಂಬಳಕ್ಕೆ ಹೋದ ಅನ್ನುವುದು ಎಕ್ಸಿಟ್ ಇಂಟರ್‌ವ್ಯೂನಲ್ಲಿ ಎಲ್ಲರೂ ಹೇಳುವ ಉತ್ತರ, ಯಾಕೆಂದರೆ ಅದರಿಂದ ಯಾರಿಗೂ ಬೇಜಾರಾಗುವುದಿಲ್ಲ. ಹೋಗಿದ್ದಕ್ಕೆ ನೀವೇ ಹೊಣೆ ಅಂತ ಹೇಳುತ್ತಿಲ್ಲ. ಅವನು ಬೇರೆ ಕಡೆ ನೋಡುತ್ತಿದ್ದಾನೆ ಅನ್ನುವುದು ನಿಮಗೆ ಮೊದಲೇ ಗೊತ್ತಿತ್ತಾ, ಅಥವಾ ರಾಜೀನಾಮೆ ಪತ್ರ ಕೈಗೆ ಬಂದಾಗಲೇ ಗೊತ್ತಾಯಿತಾ? ಇದಕ್ಕೆ ನಿಮ್ಮ ಉತ್ತರ ಏನೋ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು, ಬೆಲ್ ಕರ್ವ್ (ಇಂತಿಷ್ಟು ಜನಕ್ಕೆ ಒಳ್ಳೆಯ ರೇಟಿಂಗ್, ಇಂತಿಷ್ಟು ಜನಕ್ಕೆ ಕಡಿಮೆ ಅಂತ ಮೊದಲೇ ಹಂಚಿಡುವುದು) ಬಗ್ಗೆ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಅಮೆರಿಕದ ಜಿಇ ಕಂಪನಿಯಲ್ಲಿ ಜಾಕ್ ವೆಲ್ಚ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಮೇಲಿನ 20%, ಮಧ್ಯದ 70%, ಕೆಳಗಿನ 10% ಅಂತ ಜನರನ್ನು ಭಾಗ ಮಾಡುತ್ತಿದ್ದರು, ಎಲ್ಲರೂ ಅದನ್ನೇ ಕಾಪಿ ಹೊಡೆದರು. ಅಡೋಬಿ 2012ರಲ್ಲಿ ವರ್ಷಕ್ಕೊಂದು ರಿವ್ಯೂ ಮಾಡುವುದನ್ನೇ ಬಿಟ್ಟಿತು, ಮೈಕ್ರೋಸಾಫ್ಟ್ 2013ರಲ್ಲಿ ಸಾಲಾಗಿ ನಿಲ್ಲಿಸಿ ರ‍್ಯಾಂಕ್ ಕೊಡುವುದನ್ನು ಕೈಬಿಟ್ಟಿತು. ಆದರೆ ನಮ್ಮ ಕಾರ್ಖಾನೆಗಳಲ್ಲಿ ಬಾಯಲ್ಲಿ ಇಲ್ಲ ಅಂದರೂ ಎಕ್ಸೆಲ್‌ನಲ್ಲಿ ಇನ್ನೂ ಇರುತ್ತದೆ. ಅದರ ಬಗ್ಗೆ ನೀವು ಏನೂ ಮಾಡಲಾಗದು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕೆಂಪು_ಫೈಲು

ನಾನು ಕೇಂದ್ರ ಸರ್ಕಾರದ ನೌಕರ. ನಮ್ಮ ಫಾರ್ಮನ್ನು ಎಲ್ಲರೂ ಬೈಯುತ್ತಾರೆ, ಆದರೆ ಅದರಲ್ಲಿ ಒಂದು ಒಳ್ಳೆಯ ಸಂಗತಿ ಇದೆ, ನಿಮಗೆ ಉಪಯೋಗಕ್ಕೆ ಬರಬಹುದು.

ಮೊದಲು ನಮ್ಮಲ್ಲಿ ಎಸಿಆರ್ ಇತ್ತು. ಸಾಹೇಬರು ವರ್ಷಕ್ಕೊಮ್ಮೆ ನಮ್ಮ ಬಗ್ಗೆ ಬರೆಯುವ ಗುಟ್ಟಿನ ವರದಿ. ಸಾಹೇಬರು ಏನು ಬರೆದರು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ, ತೀರಾ ಕೆಟ್ಟದ್ದು ಬರೆದರೆ ಮಾತ್ರ ತಿಳಿಸುತ್ತಿದ್ದರು. 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯದೋ ಕೆಟ್ಟದ್ದೋ, ಪ್ರತಿಯೊಂದನ್ನೂ ನೌಕರನಿಗೆ ತಿಳಿಸಬೇಕು ಅಂತ ಹೇಳಿತು. ಆಮೇಲೆ ಎಸಿಆರ್ ಜಾಗಕ್ಕೆ ಎಪಿಎಆರ್ ಅನ್ನುವ ವಾರ್ಷಿಕ ವರದಿ ಬಂತು. ಈಗ ಪೂರ್ತಿ ವರದಿ ನಮ್ಮ ಕೈಗೆ ಬರುತ್ತದೆ, ಒಪ್ಪಿಗೆ ಇಲ್ಲದಿದ್ದರೆ ಬರೆದು ಕೊಡಬಹುದು. ಅಂಕದಲ್ಲಿ ಕೆಲಸದ ಫಲಕ್ಕೆ 40%, ವ್ಯಕ್ತಿಗತ ಗುಣಗಳಿಗೆ 30%, ಕೆಲಸದ ಸಾಮರ್ಥ್ಯಕ್ಕೆ 30%. ಅಂದರೆ ಟಾರ್ಗೆಟ್ ಮುಟ್ಟಿದ್ದು ಅರ್ಧಕ್ಕಿಂತ ಕಡಿಮೆ. ನಿಮ್ಮ ಕಂಪನಿಯವರು ಎರಡನೇ ಭಾಗಕ್ಕೆ ಎಷ್ಟು ತೂಕ ಇಟ್ಟಿದ್ದಾರೆ ಅಂತ ಮೊದಲು ನೋಡಿ.

ನಾನು ಹೇಳಬೇಕೆಂದಿದ್ದು ಸೆಲ್ಫ್ ಅಪ್ರೈಸಲ್ ಭಾಗದ ಬಗ್ಗೆ. ಅಲ್ಲಿ ಗುರಿ ಮುಟ್ಟದ ಕಡೆ ಎಷ್ಟು ಕೊರತೆ ಆಯಿತು, ಅಡ್ಡಿ ಏನಿತ್ತು ಅಂತ ಬರೆಯಲು ಜಾಗ ಕೊಟ್ಟಿದ್ದಾರೆ. ಗುರಿಗಿಂತ ಜಾಸ್ತಿ ಸಾಧನೆ ಆದ ಕಡೆ, ಆ ಸಾಧನೆಯಲ್ಲಿ ನಿಮ್ಮ ಪಾಲು ಏನು ಅಂತಲೂ ಕೇಳುತ್ತಾರೆ. ನಿಮ್ಮ ಹೊಸ ಮಷೀನಿನ ಪ್ರಶ್ನೆ ಇದೇ ಅಲ್ವಾ? ಸಾಧನೆ ಒಂದು ಸಾಲಿನಲ್ಲಿ, ನಿಮ್ಮ ಪಾಲು ಇನ್ನೊಂದು ಸಾಲಿನಲ್ಲಿ ಬೇರೆ ಮಾಡಿ ಬರೆಯಿರಿ. ನಮ್ಮಲ್ಲಿ ಮುಕ್ಕಾಲು ಜನ ಆ ಎರಡನೇ ಸಾಲನ್ನು ಖಾಲಿ ಬಿಡುತ್ತಾರೆ ಅಥವಾ ಮೊದಲನೇ ಸಾಲನ್ನೇ ಇನ್ನೊಂದು ಸಲ ಬರೆಯುತ್ತಾರೆ.

ಆಸ್ತಿ ವಿವರ ಜನವರಿ 31ರೊಳಗೆ ಸಲ್ಲಿಸಿದ್ದೀರಾ ಅಂತಲೂ ಅದರಲ್ಲಿ ಕೇಳುತ್ತಾರೆ. ನಿಮಗೆ ಆ ತಾಪತ್ರಯ ಇಲ್ಲ, ಪುಣ್ಯವಂತರು.

ಹಳೇ_ಲೇತ್

ಮಷೀನ್ ಶಾಪಿನಲ್ಲೇ ತಲೆ ನೆರೆತವನು ನಾನು. ಈಗ ರಿಟೈರ್ ಆಗಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಶಾಪಿನ ಗೋಡೆ ಮೇಲೆಯೇ ನೇತಾಡುತ್ತಿರಬೇಕು.

ಸ್ಕಿಲ್ ಮ್ಯಾಟ್ರಿಕ್ಸ್ ಹಾಕಿದ್ದೀರಿ ತಾನೆ? ಆಟೋ ಲೈನಿನಲ್ಲಿ ಕಸ್ಟಮರ್ ಆಡಿಟ್‌ಗೆ ಬಂದವರು ಮೊದಲು ನೋಡುವುದೇ ಅದನ್ನು. ಒಂದು ಕಡೆ ಆಪರೇಟರ್ ಹೆಸರು, ಮೇಲೆ ಮಷೀನಿನ ಹೆಸರು, ಮಧ್ಯೆ ನಾಲ್ಕು ಭಾಗ ಮಾಡಿದ ಪುಟ್ಟ ವೃತ್ತಗಳು. ಕಾಲು ಭಾಗ ಕಪ್ಪು ಮಾಡಿದ್ದರೆ ಕಲಿಯುತ್ತಿದ್ದಾನೆ. ಅರ್ಧ ಆಗಿದ್ದರೆ ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡುತ್ತಾನೆ. ಮುಕ್ಕಾಲು ಆಗಿದ್ದರೆ ಒಬ್ಬನೇ ಮಾಡುತ್ತಾನೆ. ಪೂರ್ತಿ ಕಪ್ಪಾಗಿದ್ದರೆ ಇನ್ನೊಬ್ಬನಿಗೆ ಕಲಿಸುತ್ತಾನೆ. ಆಪರೇಟರ್‌ಗೆ ಅಂಕ ಹಾಕುವಾಗ “ಇವನಿಗೆ ಬದ್ಧತೆ ಇದೆಯಾ” ಅಂತ ನೀವು ಯೋಚಿಸುವುದಿಲ್ಲ. ಡ್ರಾಯಿಂಗ್ ಕೊಟ್ಟು, ಟೂಲ್ ಆಫ್‌ಸೆಟ್ ಹಾಕಲು ಹೇಳಿ, ಮೊದಲ ಪೀಸ್ ಅಳೆದು ನೋಡಿ ಆಮೇಲೆ ವೃತ್ತ ತುಂಬಿಸುತ್ತೀರಿ. ಅದೇ ಅಳತೆಗೋಲನ್ನು ನಿಮ್ಮ ಮೇಲೆ ಇಟ್ಟುಕೊಳ್ಳಿ. ನಿಮಗೆ ಮಾತ್ರ ಬೇರೆ ಅಳತೆ ಯಾಕೆ?

ನಿರ್ಧಾರ ತೆಗೆದುಕೊಳ್ಳುವುದು ಅಂತ ಒಂದಿದೆ ಅಂದಿರಲ್ಲ. ಎಲ್ಲದಕ್ಕೂ ಪ್ಲಾಂಟ್ ಹೆಡ್ ಹತ್ತಿರ ಓಡುತ್ತೀರಾ? ಕಾಲು. ದಿನನಿತ್ಯದ್ದು ನೀವೇ ಮಾಡಿ, ತಕರಾರು ಬಂದಾಗ ಮಾತ್ರ ಕೇಳುತ್ತೀರಾ? ಅರ್ಧ. ಲೈನ್ ನಿಲ್ಲಿಸಬೇಕಾ ಬೇಡವಾ ಅನ್ನುವಂಥದ್ದನ್ನೂ ನೀವೇ ನಿಂತು ತೀರ್ಮಾನ ಮಾಡುತ್ತೀರಾ? ಮುಕ್ಕಾಲು. ನೀವಿಲ್ಲದಾಗ ಸೆಕೆಂಡ್ ಶಿಫ್ಟ್ ಸೂಪರ್‌ವೈಸರ್ ಅದೇ ತೀರ್ಮಾನವನ್ನು ಧೈರ್ಯವಾಗಿ ತೆಗೆದುಕೊಳ್ಳುತ್ತಾನಾ? ಆಗ ಪೂರ್ತಿ.

ಇದಕ್ಕೆ ಸಾಕ್ಷಿ ನಿಮ್ಮ ಜೇಬಿನಲ್ಲೇ ಇದೆ. ಫೋನ್ ತೆಗೆದು ಮನೆಗೆ ಹೋದ ಮೇಲೆ ಶಾಪಿನಿಂದ ಬಂದ ಕರೆಗಳನ್ನು ನೋಡಿ. ಯಾತಕ್ಕೆ ಮಾಡಿದ್ದರು ಅಂತ ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. “ಇನ್ಸರ್ಟ್ ಮುಗಿದಿದೆ, ಸ್ಟೋರ್ಸ್ ಕೀ ಯಾರ ಹತ್ತಿರ?”, “ಇಬ್ಬರು ಬಂದಿಲ್ಲ, ಯಾವ ಮಷೀನ್ ನಿಲ್ಲಿಸಲಿ?” ಇಂಥದ್ದೇ ಮತ್ತೆ ಮತ್ತೆ ಬರುತ್ತಿದ್ದರೆ ನಿಮ್ಮ ವ್ಯವಸ್ಥೆ ನಿಮ್ಮ ತಲೆಯೊಳಗೆ ಮಾತ್ರ ಇದೆ ಅಂತ ಅರ್ಥ. ತುಂಬಾ ಮ್ಯಾನೇಜರ್‌ಗಳು ಈ ಕರೆಗಳನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಾನಿಲ್ಲದೆ ಏನೂ ನಡೆಯುವುದಿಲ್ಲ ಅಂತ. ನನ್ನ ಪ್ರಕಾರ ಅದಕ್ಕೆ 2ರ ಮೇಲೆ ಅಂಕ ಕೊಡಬಾರದು.

ಈಗ ರಿಜೆಕ್ಷನ್. ಇದು ಕಷ್ಟವೇ ಅಲ್ಲ. ಹೊಸ ಮಷೀನುಗಳನ್ನು ಪಕ್ಕಕ್ಕಿಡಿ. ಹಳೆ ಮಷೀನುಗಳ ರಿಜೆಕ್ಷನ್ ಮಾತ್ರ ತೆಗೆದು, ಹೊಸದು ಬರುವ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಿದೆ ನೋಡಿ. ಅಲ್ಲೂ ಇಳಿದಿದ್ದರೆ, ಅದೇ ಜಾತಿಯ ಪಾರ್ಟ್ ಓಡುತ್ತಿದ್ದರೆ, ಅದು ಜನರ ಕೆಲಸ, ನಿಮ್ಮ ಕೆಲಸ. ತಕರಾರಿನ ಪಾರ್ಟನ್ನೆಲ್ಲ ಹೊಸ ಮಷೀನಿಗೆ ಸಾಗಿಸಿ ಸುಲಭದ್ದನ್ನು ಹಳೆಯದರಲ್ಲಿ ಓಡಿಸಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಎರಡು ಶಿಫ್ಟನ್ನೂ ಬೇರೆ ಬೇರೆ ಮಾಡಿ ನೋಡಿ. ನೀವು ಇರುವ ಶಿಫ್ಟಿನಲ್ಲಿ ಮಾತ್ರ ಚೆನ್ನಾಗಿದ್ದು ಇನ್ನೊಂದರಲ್ಲಿ ಹಾಗೇ ಇದ್ದರೆ ನೀವು ಒಳ್ಳೆಯ ಸೂಪರ್‌ವೈಸರ್, ಇನ್ನೂ ಮ್ಯಾನೇಜರ್ ಆಗಿಲ್ಲ.

ಓಇಇಯನ್ನೂ ಹಾಗೆಯೇ ಬಿಡಿಸಿ. ಅದು ಮೂರು ಸಂಖ್ಯೆಗಳ ಗುಣಾಕಾರ: ಮಷೀನ್ ಎಷ್ಟು ಹೊತ್ತು ಓಡಿತು, ಎಷ್ಟು ವೇಗದಲ್ಲಿ ಓಡಿತು, ಎಷ್ಟು ಒಳ್ಳೆಯ ಪೀಸ್ ಬಂತು. 90%, 95%, 99% ಗುಣಿಸಿದರೆ ಹೆಚ್ಚುಕಡಿಮೆ 85% ಬರುತ್ತದೆ, ಎಲ್ಲರೂ ವರ್ಲ್ಡ್ ಕ್ಲಾಸ್ ಅಂತ ಸ್ಲೈಡಿನಲ್ಲಿ ತೋರಿಸುವ ಸಂಖ್ಯೆ. ನಿಮ್ಮದು ಮೇಲೆ ಹೋಗಿದ್ದರೆ ಮೂರರಲ್ಲಿ ಯಾವುದು ಹೋಯಿತು? ಬ್ರೇಕ್‌ಡೌನ್ ಕಡಿಮೆಯಾಗಿ ಹೋಗಿದ್ದರೆ ಮೇಂಟೆನೆನ್ಸ್‌ನವರಿಗೂ ಪಾಲು ಕೊಡಿ. ಸೆಟ್ಟಿಂಗ್ ಬದಲಿಸುವ ಸಮಯ ಕಡಿಮೆಯಾಗಿ ಹೋಗಿದ್ದರೆ ಅದು ನಿಮ್ಮ ಶಾಪಿನದು, ಸಂಕೋಚ ಇಲ್ಲದೆ ಬರೆದುಕೊಳ್ಳಿ.

ಕೋರಮಂಗಲ_ಟ್ರಾಫಿಕ್

ನಾನು ಸಾಫ್ಟ್‌ವೇರ್ ಕಡೆಯವನು. ಮೇಲಿನ ವೃತ್ತದ ಮಾತು ಓದಿ ಖುಷಿಯಾಯಿತು, ನಮ್ಮಲ್ಲಿ ಇದನ್ನೇ ಮೂವತ್ತು ಸ್ಲೈಡಿನಲ್ಲಿ ಹೇಳುತ್ತಾರೆ.

ಗೂಗಲ್‌ನವರು 2008ರ ಸುಮಾರಿಗೆ ಪ್ರಾಜೆಕ್ಟ್ ಆಕ್ಸಿಜನ್ ಅಂತ ಒಂದು ಕೆಲಸ ಶುರು ಮಾಡಿದರು. ಮ್ಯಾನೇಜರ್‌ಗಳು ಬೇಕೇ ಇಲ್ಲ ಅಂತ ನಂಬಿದ್ದ ಎಂಜಿನಿಯರ್‌ಗಳ ಕಂಪನಿ ಅದು. ಮ್ಯಾನೇಜರ್ ಚೆನ್ನಾಗಿದ್ದರೆ ಏನಾದರೂ ವ್ಯತ್ಯಾಸ ಆಗುತ್ತದಾ ಅಂತ ತಮ್ಮದೇ ಸರ್ವೆ, ಅಪ್ರೈಸಲ್ ಎಲ್ಲ ಜಾಲಾಡಿದರು. ಆಗುತ್ತದೆ ಅಂತ ಗೊತ್ತಾಯಿತು. ಒಳ್ಳೆಯ ಮ್ಯಾನೇಜರ್‌ಗಳು ಮಾಡುವ ಎಂಟು ಕೆಲಸಗಳ ಪಟ್ಟಿ ಬಂತು, 2018ರಲ್ಲಿ ಅದು ಹತ್ತಾಯಿತು. ಪಟ್ಟಿಯಲ್ಲಿ ಮೊದಲನೆಯದು ಚೆನ್ನಾಗಿ ಕೋಚ್ ಮಾಡುವುದು. ತಾಂತ್ರಿಕ ಜ್ಞಾನ ಮೊದಲ ಪಟ್ಟಿಯಲ್ಲಿ ಎಂಟನೆಯದು, ಅಂದರೆ ಕೊನೆಯದು. ಕೆಲಸ ಚೆನ್ನಾಗಿ ಬರುತ್ತಿತ್ತು ಅಂತಲೇ ಮೇಲೆ ಬಂದವರಿಗೆ (ನೀವೂ ಹಾಗೆಯೇ ಬಂದಿರಬೇಕು) ಇದು ಸ್ವಲ್ಪ ಕಹಿ.

ಆದರೆ ತನ್ನ ಬೆನ್ನು ತನಗೆ ಕಾಣುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಡನ್ನಿಂಗ್ ಮತ್ತು ಕ್ರೂಗರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ತೀರಾ ಕೆಳಗಿದ್ದ ಗುಂಪು ನೂರು ಜನರ ಸಾಲಿನಲ್ಲಿ ಕೆಳಗಿನಿಂದ ಸರಾಸರಿ 12ನೇ ಜಾಗದಲ್ಲಿದ್ದರೂ 62ನೇ ಜಾಗದಲ್ಲಿ ಇದ್ದೇವೆ ಅಂದುಕೊಂಡಿತ್ತು. ಚೆನ್ನಾಗಿ ಮಾಡಿದವರು ತಮ್ಮನ್ನು ಸ್ವಲ್ಪ ಕಡಿಮೆ ಅಂದಾಜು ಮಾಡಿಕೊಂಡಿದ್ದರು. ಹಾಗಾಗಿ ಒಬ್ಬರೇ ಕೂತು ಎಷ್ಟು ಯೋಚಿಸಿದರೂ ಸರಿಯಾದ ಅಂಕ ಸಿಗುವುದಿಲ್ಲ. ನಿಮ್ಮ ಸೂಪರ್‌ವೈಸರ್‌ಗಳನ್ನು ಕೇಳಿ.

ನಾಲ್ಕೇ_ಸಾಕು

ಕೇಳಿ ಅಂತೆ. ಯಾವ ಸೂಪರ್‌ವೈಸರ್ ತನ್ನ ಬಾಸ್ ಮುಖಕ್ಕೆ ನೀವು ಸರಿ ಇಲ್ಲ ಅನ್ನುತ್ತಾನೆ ಸ್ವಾಮಿ? “ನೀವು ಸೂಪರ್ ಸಾರ್” ಅಂದು ಟೀ ಕುಡಿದು ಹೋಗುತ್ತಾನೆ. ಗೂಗಲ್ ಬೇರೆ, ಪೀಣ್ಯ ಬೇರೆ.

ಕೋರಮಂಗಲ_ಟ್ರಾಫಿಕ್

ಅದು ನಿಜ, ನಮ್ಮಲ್ಲೂ ಹಾಗೆಯೇ. “ನನ್ನ ಬಗ್ಗೆ ಏನನ್ನಿಸುತ್ತದೆ” ಅಂತ ಕೇಳಿದರೆ ಹೊಗಳಿಕೆಯೇ ಬರುವುದು. ಅದರ ಬದಲು “ನಾನು ಮಾಡುವ ಯಾವ ಕೆಲಸ ನಿಲ್ಲಿಸಿದರೆ ನಿಮ್ಮ ಶಿಫ್ಟ್ ಸಲೀಸಾಗಿ ನಡೆಯುತ್ತದೆ?” ಅಂತ ಕೇಳಿ. ಆಗ ಅವರು ನಿಮ್ಮನ್ನು ಬೈಯಬೇಕಾಗಿಲ್ಲ, ಕೆಲಸದ ಬಗ್ಗೆ ಮಾತಾಡಿದರೆ ಸಾಕು. “ಬೆಳಗ್ಗೆ ಮೀಟಿಂಗ್ ಮುಗಿಯುವುದೇ ಇಲ್ಲ ಸಾರ್” ಅಂತ ಶುರುವಾಗಿ ಒಂದೊಂದೇ ಹೊರಗೆ ಬರುತ್ತವೆ. ಕೇಳಿದ ಮೇಲೆ ವಾದ ಮಾಡಬೇಡಿ, ಬರೆದುಕೊಳ್ಳಿ, ಅದರಲ್ಲಿ ಒಂದನ್ನಾದರೂ ಕೂಡಲೇ ನಿಲ್ಲಿಸಿ ತೋರಿಸಿ. ಇಲ್ಲದಿದ್ದರೆ ಮುಂದಿನ ವರ್ಷ “ನೀವು ಸೂಪರ್ ಸಾರ್” ಮಾತ್ರ ಸಿಗುತ್ತದೆ.

ಗೇಟ್_ನಂ_2

ನಾನು ಮ್ಯಾನೇಜರ್ ಅಲ್ಲ, ಲೈನಿನಲ್ಲಿ ಕೆಲಸ ಮಾಡುವವನು, ಬೊಮ್ಮಸಂದ್ರ. ಕೆಳಗಿನಿಂದ ನೋಡಿದರೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಿಜೆಕ್ಷನ್ ಬಂದಾಗ ನಮ್ಮ ಸಾಹೇಬರು ಮೊದಲು ಪೀಸ್ ಕೈಗೆ ತೆಗೆದುಕೊಳ್ಳುತ್ತಾರಾ, ಅಥವಾ ಯಾರು ಮಾಡಿದ್ದು ಅಂತ ಕೇಳುತ್ತಾರಾ? ಮೊದಲು ಹೆಸರು ಕೇಳುವವರ ಹತ್ತಿರ ನಾವು ಅರ್ಧ ರಿಜೆಕ್ಷನ್ ಹೇಳುವುದೇ ಇಲ್ಲ, ಬಿನ್ ಕೆಳಗೆ ಹೋಗುತ್ತದೆ. ಅವರ ರಿಪೋರ್ಟಿನಲ್ಲಿ ರಿಜೆಕ್ಷನ್ ಕಡಿಮೆ ಕಾಣುತ್ತದೆ, ಅವರು ಫಾರ್ಮಿನಲ್ಲಿ 5 ಹಾಕಿಕೊಳ್ಳುತ್ತಾರೆ.

ಓಟಿ ಯಾರಿಗೆ ಸಿಗುತ್ತದೆ, ರಜೆ ಯಾರಿಗೆ ಸಿಗುತ್ತದೆ ಅನ್ನುವುದನ್ನು ಎಲ್ಲರೂ ಲೆಕ್ಕ ಇಟ್ಟಿರುತ್ತೇವೆ. ಊರ ಜಾತ್ರೆಗೆ ರಜೆ ಕೇಳಿದರೆ ಆಗಲ್ಲ ಅಂತ ಅವತ್ತೇ ಹೇಳುವವರು ಪರವಾಗಿಲ್ಲ. ನೋಡೋಣ ನೋಡೋಣ ಅಂತ ಬಸ್ ಹೊರಡುವ ತನಕ ಕಾಯಿಸುವವರಿದ್ದಾರಲ್ಲ, ಅವರ ಕಮ್ಯುನಿಕೇಶನ್‌ಗೆ ಎಷ್ಟು ಹಾಕಬೇಕು ನೀವೇ ಹೇಳಿ. ಬೇಸಿಗೆಯಲ್ಲಿ ಪಾರ್ಟ್ ತೊಳೆಯುವ ಮಷೀನ್ ಹತ್ತಿರ ಫ್ಯಾನ್ ಹಾಕಿಸುತ್ತೇನೆ ಅಂತ ಹೇಳಿದ್ದರೆ ಫ್ಯಾನ್ ಬಂತಾ ಅಂತ ನೋಡಿಕೊಳ್ಳಿ ಸಾರ್. ಅಷ್ಟೇ.

ಶಿಫ್ಟ್_ಬಿ_ಪೀಣ್ಯ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಗೇಟ್ ನಂ 2 ಅವರ ಮಾತಿಗೆ ಎದ್ದು ಹೋಗಿ ಬಿನ್ ಕೆಳಗೆ ನೋಡಿ ಬಂದೆ. ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ.

ಲೇತ್ ಸಾರ್ ಹೇಳಿದ ಹಾಗೆ ಹಳೆ ಮಷೀನುಗಳನ್ನು ಬೇರೆ ತೆಗೆದೆ. ಮೊದಲ ಶಿಫ್ಟಿನಲ್ಲಿ ಹಳೆಯದರಲ್ಲೂ ಇಳಿದಿದೆ, ಸೆಕೆಂಡ್ ಶಿಫ್ಟಿನಲ್ಲಿ ಹಾಗೇ ಇದೆ. ಪಾರ್ಟ್ ಅದೇ. ಹಾಗಾಗಿ ಹೀಗೆ ಬರೆದಿದ್ದೇನೆ: “ರಿಜೆಕ್ಷನ್ ಇಳಿದಿದ್ದರಲ್ಲಿ ದೊಡ್ಡ ಪಾಲು ಹೊಸ ಮಷೀನುಗಳದ್ದು. ಹಳೆ ಮಷೀನುಗಳಲ್ಲಿ ಮೊದಲ ಶಿಫ್ಟಿನಲ್ಲಿ ಮಾತ್ರ ಸುಧಾರಣೆ ಆಗಿದೆ, ಪ್ರತಿ ಸೆಟ್ಟಿಂಗ್ ಆದ ಮೇಲೆ ಮೊದಲ ಪೀಸ್ ತಪಾಸಣೆ ಕಡ್ಡಾಯ ಮಾಡಿದ್ದು ಕಾರಣ. ಸೆಕೆಂಡ್ ಶಿಫ್ಟಿನಲ್ಲಿ ಇದು ಇನ್ನೂ ರೂಢಿಗೆ ಬಂದಿಲ್ಲ, ಅಲ್ಲಿ ಅಳೆಯುವ ಗೇಜ್ ಕೊಡುವವರೇ ಇಲ್ಲ. ಜೂನ್ ಒಳಗೆ ಸರಿ ಮಾಡುತ್ತೇನೆ.” ಜನರನ್ನು ಬೆಳೆಸುವುದಕ್ಕೆ 3, ನಿರ್ಧಾರಕ್ಕೆ 3, ಕಮ್ಯುನಿಕೇಶನ್‌ಗೆ 2 ಹಾಕಿದ್ದೇನೆ. ಸ್ಟ್ರಾಟೆಜಿಕ್ ಥಿಂಕಿಂಗ್‌ಗೆ ಏನು ಹಾಕಬೇಕು ಅಂತ ಇನ್ನೂ ಗೊತ್ತಾಗಿಲ್ಲ.

ಸೇಫ್ಟಿಯಲ್ಲಿ ಒಂದು ಅನುಮಾನ. ನಿಯರ್ ಮಿಸ್ (ಅಪಘಾತ ಸ್ವಲ್ಪದರಲ್ಲಿ ತಪ್ಪಿದ್ದು) ಚೀಟಿಗಳು ಹೋದ ವರ್ಷಕ್ಕಿಂತ ಜಾಸ್ತಿ ಬಂದಿವೆ. ಕಡಿಮೆ ಅಂಕ ಹಾಕಬೇಕಾ?

ಎಚ್‌ಆರ್_ಕಡೆಯವಳು

ಆ ಸೆಕೆಂಡ್ ಶಿಫ್ಟ್ ಸಾಲನ್ನು ಹಾಗೇ ಇಡಿ, ತಿಕ್ಕಿ ತೀಡಬೇಡಿ. ಕೊರತೆ, ಕಾರಣ, ಯಾವಾಗ ಸರಿ ಆಗುತ್ತದೆ, ಮೂರೂ ಅದರಲ್ಲಿದೆ, ಇಂಥದ್ದನ್ನು ಹಿಡಿದುಕೊಂಡು ಯಾರೂ ನಿಮ್ಮ ಮೇಲೆ ಬೀಳುವುದಿಲ್ಲ. ಗೇಜ್ ಕೊಡುವವರಿಲ್ಲ ಅಂತ ಬರೆದಿದ್ದೀರಲ್ಲ, ಪಕ್ಕದಲ್ಲೇ ಒಬ್ಬ ಇನ್‌ಸ್ಪೆಕ್ಟರ್ ಬೇಕು ಅಂತಲೂ ಕೇಳಿಬಿಡಿ. ಅಪ್ರೈಸಲ್ ಸಮಯದಲ್ಲಿ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಇನ್ನೊಂದು ವರ್ಷಕ್ಕೆ ಎಷ್ಟು ಜನ, ಯಾವ ಮಷೀನ್ ಬೇಕಾಗುತ್ತದೆ ಅಂತ ಎರಡು ಸಾಲು ಬರೆದರೆ ನಿಮ್ಮ ಮಟ್ಟಕ್ಕೆ ಅದೇ ಸ್ಟ್ರಾಟೆಜಿ.

ಹಳೇ_ಲೇತ್

ನಿಯರ್ ಮಿಸ್ ಜಾಸ್ತಿ ಬಂದರೆ ಕೆಟ್ಟದ್ದಲ್ಲ. ಜನ ಹೆದರದೆ ಹೇಳುತ್ತಿದ್ದಾರೆ ಅಂತ. ಚೀಟಿ ಜಾಸ್ತಿಯಾಗಿ ಫಸ್ಟ್ ಏಡ್ ರಿಜಿಸ್ಟರ್‌ನಲ್ಲಿ ಎಂಟ್ರಿ ಕಡಿಮೆ ಆಗಿದ್ದರೆ ಧೈರ್ಯವಾಗಿ 4 ಹಾಕಿಕೊಳ್ಳಿ. ಎರಡೂ ಜಾಸ್ತಿ ಆಗಿದ್ದರೆ ಬೇರೆ ಮಾತು.

ಆದರೆ ಮೊದಲು ಚೀಟಿ ಪೆಟ್ಟಿಗೆ ತೆರೆದು ಎಲ್ಲ ಚೀಟಿಗಳನ್ನು ಮೇಜಿನ ಮೇಲೆ ಹರಡಿ. ಬೇರೆ ಬೇರೆ ಕೈಬರಹ, ಎಣ್ಣೆ ಮೆತ್ತಿದ ಬೆರಳಿನ ಗುರುತು ಇದ್ದರೆ ಸರಿ. ಎಲ್ಲವೂ ಒಂದೇ ಪೆನ್, ಒಂದೇ ಅಕ್ಷರ, ಆಡಿಟ್‌ನ ಹಿಂದಿನ ದಿನದ ತಾರೀಕು ಇದ್ದರೆ ಅದನ್ನು ಬರೆದವನು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಶಿಫ್ಟ್_ಬಿ_ಪೀಣ್ಯ

ಹ್ಹಹ್ಹ, ಆಡಿಟ್ ಹೋದ ತಿಂಗಳೇ ಇತ್ತು ಸಾರ್. ಪೆಟ್ಟಿಗೆ ಕೀ ಸೇಫ್ಟಿ ಆಫೀಸರ್ ಹತ್ತಿರ ಇದೆ, ನಾಳೆ ಇಸ್ಕೊಂಡು ನೋಡುತ್ತೇನೆ. ಫಾರ್ಮ್ ಕೊಡಲು ಶುಕ್ರವಾರದ ತನಕ ಟೈಮ್ ಇದೆ.